ಮಾಲೀಕರ ಸ್ವಂತ ಖರ್ಚು

ನಿನ್ನೆ ತಾನು ಆಡಿದ ಮಾತಿನಲ್ಲಿ ತಪ್ಪೇನಿತ್ತು ಎಂಬುದು ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿದರೂ ಈರೇಶನಿಗೆ ಹೊಳೆಯಲಿಲ್ಲ. ತಪ್ಪಾಗಿದೆ ಎಂಬುದು ಮಾತ್ರ ಖಾತ್ರಿಯಿತ್ತು, ಯಾಕೆಂದರೆ ಆ ಮಾತು ಬಾಯಿಂದ ಬಿದ್ದ ಕೂಡಲೇ ಅವನ ಸಲಹೆಗಾರ್ತಿ ಜೈನಬ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಿದ್ದಳು. ಇಷ್ಟು ತಿಂಗಳಲ್ಲಿ ಅವಳು ಪೆನ್ನು ಕೆಳಗಿಟ್ಟದ್ದನ್ನು ಅವನು ಕಂಡಿರಲಿಲ್ಲ. ಗೋವಾದ ಕೊರ್ಲಿಮ್ಮಿನ ಅವನ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯನ್ನು ಕೊಳ್ಳಲು ಬಂದ ಮುಂಬೈಯ ಕಂಪನಿಯವರು ನಿನ್ನೆ ಶೆಡ್ಡುಗಳನ್ನೆಲ್ಲ ಸುತ್ತಿ, ಕೊನೆಗೆ ಹಿಂಬದಿಯ ಅಡಿಗೆಮನೆಯ ಮುಂದೆ ನಿಂತು, ಸಾಲಾಗಿ ಕೂತು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಣ್ಣುತ್ತಿದ್ದ ಕೆಲಸದವರನ್ನು ನೋಡಿ, ಈ ಊಟದ ಖರ್ಚು ಯಾರದು ಎಂದು ಕೇಳಿದ್ದರು. ಈರೇಶ ತನ್ನ ತಂದೆ ಚನ್ನಬಸಯ್ಯನವರು ನಿಲ್ಲುತ್ತಿದ್ದ ಹಾಗೆಯೇ ನಿಂತು, ಅವರು ಜೋಡಿಸುತ್ತಿದ್ದ ಹಾಗೆಯೇ ಕೈ ಜೋಡಿಸಿ, ಇದು ಕಂಪನಿಯದಲ್ಲ, ನಮ್ಮ ಮನೆತನದ ಸೇವೆ, ದಾಸೋಹ, ಎಂದಿದ್ದ. ಅವರಲ್ಲಿ ಹಿರಿಯರೊಬ್ಬರು ತಲೆದೂಗಿದರು. ಅವರ ಕಡೆಯ ಲೆಕ್ಕದವನು, ನೀಲಿ ಅಂಗಿಯ ಒಬ್ಬ ಚುರುಕು ಮನುಷ್ಯ, ಲಗುಬಗೆಯಿಂದ ಏನನ್ನೋ ಬರೆದುಕೊಂಡ. ಮಾತು ಚೆನ್ನಾಗಿಯೇ ಬಂದಿತ್ತು. ಹೇಳುವಾಗ ಈರೇಶನ ಗಂಟಲು ಕೂಡ ತುಸು ಕಟ್ಟಿತ್ತು. ಆದರೆ ಹೊರಡುವಾಗ ಜೈನಬ ಅವನ ಹತ್ತಿರ ಬಂದು, ನಾಳೆ ಸಭೆಗೆ ಒಂದು ತಾಸು ಮೊದಲೇ ನನ್ನ ಆಫೀಸಿಗೆ ಬನ್ನಿ ಎಂದಷ್ಟೇ ಹೇಳಿ ಕಾರು ಹತ್ತಿದ್ದಳು.

ಸಾಂಖಳಿಯ ಮನೆಯಿಂದ ಪಣಜಿಗೆ ಹೊರಟಾಗ ಹೆಂಡತಿ ನೇತ್ರಾ, ಇವತ್ತಿಗೆ ಎಲ್ಲ ಮುಗಿಯುತ್ತದೆ, ಮುಖ ಗಂಟು ಹಾಕಿಕೊಂಡು ಹೋಗಬೇಡಿ ಎಂದಳು. ಕಾರ್ಖಾನೆ ಮಾರುವುದರಲ್ಲಿ ಅವಳಿಗೆ ದುಃಖವಿರಲಿಲ್ಲ; ಅವನಿಗೂ ಅಷ್ಟಾಗಿ ಇರಲಿಲ್ಲ. ಔಷಧದ ಕಂಪನಿಗಳು ಈಗ ದೊಡ್ಡವರ ಹತ್ತಿರವೇ ಪೆಟ್ಟಿಗೆ ಕೊಳ್ಳುತ್ತಿದ್ದವು. ಸಣ್ಣವರು ಒಂದೋ ದೊಡ್ಡವರ ಜೊತೆ ಕೂಡಬೇಕು, ಇಲ್ಲವೇ ಬಾಗಿಲು ಹಾಕಬೇಕು. ಇದನ್ನು ಅವನು ಒಪ್ಪಿಕೊಂಡು ಬಹಳ ದಿನವಾಗಿತ್ತು. ಲಾರಿಯೊಂದರ ಹಿಂದೆ ಕಾರು ತೆವಳುತ್ತಿರುವಾಗ ಅವನಿಗೆ ನೆನಪಾದದ್ದು ಮಡಗಾಂವಿನ ವ್ಯಾಪಾರಿ ಗೆಳೆಯ ಮೊದಲ ಸಲ ಜೈನಬಳ ಹೆಸರು ಹೇಳಿದ ದಿನ. ಕಂಪನಿ ಮಾರಿಸಲು ಅದರಲ್ಲೇ ಪಳಗಿದ ಸಲಹೆಗಾರರು ಇರುತ್ತಾರೆ, ಅವರಿಲ್ಲದೆ ಮಾರಲು ಹೋದರೆ ಕಣ್ಣು ಕಟ್ಟಿ ಬಾವಿಗೆ ಇಳಿದ ಹಾಗೆ, ಎಂದು ಗೆಳೆಯ ಹೇಳಿದಾಗ ಈರೇಶನ ಕಣ್ಣ ಮುಂದೆ ಬಂದದ್ದು ದನದ ಪೇಟೆಯ ದಲ್ಲಾಳಿ: ಟವೆಲ್ಲಿನ ಕೆಳಗೆ ಕೈ ತೂರಿಸಿ ಬೆರಳು ಹಿಚುಕಿ ಬೆಲೆ ಹೇಳುವವನು, ಎರಡೂ ಕಡೆಯಿಂದ ತಿನ್ನುವವನು. ಅದೇ ಗುಮಾನಿ ಹೊತ್ತು ಹೋದವನ ಎದುರಿಗೆ ಕೂತದ್ದು ನಲವತ್ತರ ಆಸುಪಾಸಿನ ಹೆಂಗಸು. ವಾಸ್ಕೋ ಬಂದರಿನಲ್ಲಿ ಕೆಲಸಕ್ಕಿದ್ದ ವಿಜಯಪುರ ಕಡೆಯ ರಸೂಲಸಾಬರ ಮಗಳು. ಫೋನಿನಲ್ಲಿ ಕೊಂಕಣಿ, ಮುಂಬೈಯವರೊಡನೆ ಇಂಗ್ಲಿಷು, ಅವನೊಡನೆ ಅಪ್ಪಟ ಊರ ಕನ್ನಡ. ಬೆಲೆಯ ಮಾತನ್ನೇ ಎತ್ತದೆ ಅವಳು ಮೊದಲು ಅವನ ಕಪಾಟುಗಳನ್ನೆಲ್ಲ ತೆರೆಸಿದಳು. ಒಂದು ದಿನ ತಲೆಯೆತ್ತದೆಯೇ, ಈ ಟೈಗರ್ ಅನ್ನುವವರು ಯಾರು, ಇವರ ಔಷಧದ ಬಿಲ್ಲು ಕಂಪನಿಯಲ್ಲಿ ಯಾಕಿದೆ ಎಂದು ಕೇಳಿದಳು. ಟೈಗರ್ ಅವರ ಮನೆಯ ನಾಯಿ. ಈರೇಶನ ಕಿವಿ ಬೆಚ್ಚಗಾದವು. ಅವಳು ನಗಲಿಲ್ಲ. ನಾಯಿ, ನೇತ್ರಾಳ ಕಾರು, ಇಬ್ಬರೂ ಹೋಗಿ ಬಂದ ಕಾಶಿಯಾತ್ರೆ, ಎಲ್ಲವನ್ನೂ ಒಂದು ಕಡೆ ಸೇರಿಸಿ, ಇವು ಮಾಲೀಕರ ಸ್ವಂತ ಖರ್ಚು. ಇವಕ್ಕೆ ತುಂಬಬೇಕಾದ ತೆರಿಗೆ ಮೊದಲು ತುಂಬಿ. ಮಾಲೀಕರು ಹೋದ ಮೇಲೆ ಈ ಖರ್ಚು ಕಂಪನಿಗೆ ಇರುವುದಿಲ್ಲವಾದ್ದರಿಂದ ಇದನ್ನು ಲಾಭಕ್ಕೆ ಕೂಡಿಸಿ ತೋರಿಸಬಹುದು. ಕೊಳ್ಳುವವರು ಲಾಭದ ಹಲವು ಪಟ್ಟು ಬೆಲೆ ಕೊಡುತ್ತಾರೆ, ಎಂದಳು. ತನ್ನ ನಾಯಿಯ ಇಂಜೆಕ್ಷನ್ನಿಗೂ ಮುಂಬೈಯವರು ಹಲವು ಪಟ್ಟು ಕೊಡುತ್ತಾರೆಂದು ತಿಳಿದ ದಿನ ಈರೇಶ ಊಟದ ಹೊತ್ತಿನಲ್ಲಿ ನೇತ್ರಾಳಿಗೆ ಅದನ್ನು ಎರಡು ಸಲ ಹೇಳಿ ನಕ್ಕಿದ್ದ.

ಅವಳ ಮೇಲಿನ ಗುಮಾನಿ ಹೋದದ್ದು ಮೊದಲ ಗಿರಾಕಿ ಬಂದಾಗ. ಬಾಯಿ ತುಂಬ ಬೆಲೆ ಹೇಳಿದ ಗಿರಾಕಿ. ಈರೇಶನ ಕೈ ಅವತ್ತೇ ಸಹಿಗೆ ತುರಿಸುತ್ತಿತ್ತು. ಜೈನಬ ಆ ಗಿರಾಕಿಗೆ ಶೆಡ್ಡಿನ ಬಾಡಿಗೆ ಕರಾರಿನ ಬಗ್ಗೆ, ಕೆಲಸದವರ ಬಗ್ಗೆ ಒಂದೆರಡು ಸಾದಾ ಪ್ರಶ್ನೆ ಕೇಳಿದಳು, ಉತ್ತರ ಕೇಳಿಸಿಕೊಂಡಳು, ಅವರು ಹೋದ ಮೇಲೆ ಇವರಿಗೆ ನಿಮ್ಮ ಔಷಧ ಕಂಪನಿಗಳ ಆರ್ಡರು ಮಾತ್ರ ಬೇಕು, ಯಂತ್ರ ಬಿಚ್ಚಿಕೊಂಡು ಹೋಗಿ ಶೆಡ್ಡಿಗೆ ಬೀಗ ಜಡಿಯುತ್ತಾರೆ ಎಂದಳು. ವಿಚಾರಿಸಿ ನೋಡಿದರೆ ಹಾಗೆಯೇ ಇತ್ತು. ಅಂದಿನಿಂದ ಈರೇಶ ಅವಳ ಮುಂದೆ ಸರಿಯಾಗಿ ಮಗ್ಗಿ ಹೇಳದ ಹುಡುಗನ ಹಾಗೆ ಕೂರುತ್ತಿದ್ದ, ಅದರಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿಯೂ ಇತ್ತು. ಹುಟ್ಟಿದಾಗಿನಿಂದ ಸಾಹುಕಾರ್ರ ಮಗ, ಆಮೇಲೆ ಸಾಹುಕಾರ. ಅವನ ತಪ್ಪನ್ನು ಮುಖಕ್ಕೆ ಹೇಳುವವರು ತಾಯಿ ಮುರುಗೆವ್ವ ತೀರಿಹೋದ ಮೇಲೆ ಯಾರೂ ಇರಲಿಲ್ಲ.

ಪಣಜಿಯ ಚರ್ಚಿನ ಹಿಂದಿನ ಓಣಿಯಲ್ಲಿ, ಬೇಕರಿಯ ಮಹಡಿಯ ಮೇಲೆ ಅವಳ ಆಫೀಸು. ಮೆಟ್ಟಿಲು ಹತ್ತುವಾಗ ಬಿಸಿ ಪಾವಿನ ವಾಸನೆ ಹೊಟ್ಟೆಯನ್ನು ಕೆಣಕಿತು. ಬೆಳಿಗ್ಗೆ ಅವನು ಏನೂ ತಿಂದಿರಲಿಲ್ಲ. ಜೈನಬ ಕುರ್ಚಿ ತೋರಿಸಿ, ನೀರು ಕೊಟ್ಟು, ಸುತ್ತುಬಳಸು ಇಲ್ಲದೆ ಶುರು ಮಾಡಿದಳು.

"ನಿನ್ನಿ ನೀವು ಏನ ಮಾಡಿದ್ರಿ ಗೊತ್ತೈತೇನ್ರಿ? ಅಡಿಗಿಮನಿ ಖರ್ಚನ್ನ ನಾ ಕೆಲಸದವರ ಪಗಾರದ ಸಾಲಿನ್ಯಾಗ ಇಟ್ಟಿದ್ದೆ. ನೀವು ಅದನ್ನ ಎತ್ತಿ ಟೈಗರ್ ಪಕ್ಕದಾಗ ಇಟ್ರಿ."

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಅರ್ಥವಾದಾಗ ನೀರಿನ ಲೋಟವನ್ನು ಮೇಜಿನ ಮೇಲಿಟ್ಟ. ಮನೆತನದ ಸೇವೆ ಎಂದರೆ ಮನೆತನದ್ದು. ಕಂಪನಿಯದಲ್ಲ. ಕಾರಿನ ಹಾಗೆ, ಕಾಶಿಯ ಹಾಗೆ, ಮಾಲೀಕರ ಸ್ವಂತ ಖರ್ಚು. ಮಾಲೀಕರು ಎದ್ದು ಹೋದ ದಿನ ತಾನಾಗಿ ನಿಲ್ಲುವ ಖರ್ಚು. ನೀಲಿ ಅಂಗಿಯವನು ಬರೆದುಕೊಂಡದ್ದು ಅದನ್ನೇ. ಅವನಿಗೆ ಕೆಡುಕಿನ ಮನಸ್ಸೇನೂ ಇರಲಿಲ್ಲ, ಮಾಲೀಕರೇ ಕೈಮುಗಿದು ಹೇಳಿದ್ದನ್ನು ಅವನು ನಂಬಿದ್ದ. ಜೈನಬ ಹೇಳುತ್ತಾ ಹೋದಳು. ಈರೇಶನ ಮಾತಿನಿಂದ ಲಾಭ ಏರಿತು, ಬೆಲೆಯೂ ಏರಿತು, ಮುಂಬೈಯವರು ನಿನ್ನೆ ಸಂಜೆಯೇ ಹೊಸ ಅಂಕಿ ಕಳಿಸಿದ್ದಾರೆ.

"ಬೆಲಿ ಏರಿದ್ರ ನನ್ನ ಕಮಿಷನ್ನೂ ಏರತೈತಿ. ನಿಮ್ಮ ಕಡಿಯಾಕಿ ಅಂದ ಮ್ಯಾಲೆ ನಾ ಸುಮ್ಮನ ಇರಬಹುದಿತ್ತು. ಆದ್ರ ಮಾಲಕರು ಹ್ವಾದ ಮ್ಯಾಲೆ ಒಲಿ ಆರತೈತಿ, ಅದನ್ನ ತಿಳದು ಮಾರ್ರಿ. ತಿಳೀದ ಮಾರಬ್ಯಾಡ್ರಿ."

ಹಾಗಾದರೆ ಅದು ಪಗಾರದ ಭಾಗ ಅಂತ ಹೇಳಿಬಿಡೋಣ ಎಂದು ಈರೇಶ ಅವಸರದಿಂದ ಅಂದ. ಅವಳು ಬೇಡವೆಂದು ತಲೆಯಾಡಿಸಿದಳು. ಕರಾರಿನ ಮಾತಿನಲ್ಲಿ ಸುಳ್ಳು ಹೇಳಿಸುವವಳು ತಾನಲ್ಲ. ತಾನು ಬರೀ ಕಾಗದ ನೋಡಿ ಅದನ್ನು ಆ ಸಾಲಿಗೆ ಹಾಕಿದ್ದು, ಖರೆ ಯಾವುದೋ ಅದನ್ನು ಅವನೇ ಹೇಳಬೇಕು. ಕೆಲಸಕ್ಕೆ ಹೊಸಬರು ಬಂದಾಗ ಗೇಟಿನಲ್ಲಿ ಅವರಿಗೆ ಏನಂತ ಹೇಳುತ್ತೀರಿ, ಎಂದು ಕೇಳಿ, ಪಾವು ತರಿಸುತ್ತೇನೆಂದು ಅವಳು ಎದ್ದು ಹೊರಗೆ ಹೋದಳು. ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಗೇಟಿನಲ್ಲಿ ಏನು ಹೇಳುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಕೊಪ್ಪಳದ ಕಡೆಯಿಂದ ಈಗಿನ ಹಳೆಯಾಳು ಮಾನಪ್ಪ ಒಂದು ಕೈಚೀಲ ಹಿಡಿದು ಬಂದು ನಿಂತಿದ್ದ, ಚನ್ನಬಸಯ್ಯನವರು ಕುರ್ಚಿಯಲ್ಲಿ ಕೂತು ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಜೂ ಕಾರ್ಖಾನೆಯಲ್ಲಿ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ, ಆದರೆ ಇಲ್ಲಿ ಮಧ್ಯಾಹ್ನದ ಹೊಟ್ಟೆಯ ಚಿಂತೆ ಇಲ್ಲ, ಬೇಕಾದರೆ ನಿಲ್ಲು ಎಂದಿದ್ದರು. ಅದನ್ನು ಪಕ್ಕದಲ್ಲಿ ನಿಂತು ಕೇಳಿದ ಈರೇಶ ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತು, ಮಾನಪ್ಪನ ಹಿಂದೆ ಬಂದವರಿಗೆಲ್ಲ, ಅವರ ತಮ್ಮಂದಿರಿಗೆ, ಅಳಿಯಂದಿರಿಗೆ, ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದ್ದ. ಬೆಳಿಗ್ಗೆ ಗೇಟಿನಲ್ಲಿ ಹಾಗೆ ಹೇಳಿ ಪಗಾರ ತಗ್ಗಿಸಿದ ಬಾಯಿಯೇ ಮಧ್ಯಾಹ್ನ ಪಂಕ್ತಿಯ ಮುಂದೆ ಶಿವಶಿವಾ ಅನ್ನುತ್ತಿತ್ತು. ಎರಡೂ ತನ್ನದೇ ಬಾಯಿ. ಒಂದಕ್ಕೊಂದು ಪರಿಚಯವಿಲ್ಲದ ಹಾಗೆ ಇಷ್ಟು ವರ್ಷ ಹೇಗೆ ಇದ್ದವು ಎಂದು ಅವನು ಬೆರಗಾದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಊರ ಮಠದಲ್ಲಿ ತಂದೆಗೆ ಶಾಲು ಹೊದಿಸಿ ಮಹಾದಾಸೋಹಿ ಎಂದು ಕರೆದಾಗ ಮುಂದಿನ ಸಾಲಿನಲ್ಲಿ ಕೂತು ಅವನು ಅತ್ತಿದ್ದ. ಆ ಶಾಲು ಇನ್ನೂ ಮನೆಯ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇದೆ. ತಂದೆಗೆ ಗೊತ್ತಿತ್ತೇ? ಮೊದಲಿಗೆ ಅದು ನಿಜವಾಗಿಯೂ ಸೇವೆಯೇ ಆಗಿತ್ತು. ಕಾರ್ಖಾನೆಗೆ ಲಾಭವೇ ಇಲ್ಲದ ದಿನಗಳಲ್ಲಿ ಅವ್ವ ಮನೆಯ ಜೋಳದ ಚೀಲ ಹೊರಿಸಿಕೊಂಡು ಬಂದು ತಾನೇ ರೊಟ್ಟಿ ಬಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅನ್ನ ಕೊಟ್ಟ ಮನೆಯವರು ಆ ಸಾಲಿನಲ್ಲಿ ಕೂತು ಉಣ್ಣಬಾರದು ಎಂದು ಅವಳೇ ನೇಮ ಮಾಡಿದ್ದಳು, ಮನೆಯವರು ಯಾರೂ ಅಲ್ಲಿ ಒಂದು ತುತ್ತು ಮುಟ್ಟಿದ್ದಿಲ್ಲ. ಯಾವ ವರ್ಷ, ಯಾವ ದಿನ ಆ ಸೇವೆ ಪಗಾರದೊಳಗೆ ಹೊಕ್ಕಿತು ಎಂದು ಯಾರೂ ಗಮನಿಸಲಿಲ್ಲ. ಹಾಲಿಗೆ ನೀರು ಸೇರಿದಷ್ಟು ಸದ್ದಿಲ್ಲದೆ ಆಗಿಹೋಯಿತು. ಅವ್ವನನ್ನು ನೆನೆದು ಅವನಿಗೆ ನಾಚಿಕೆಯಾಯಿತು, ಅಪ್ಪನನ್ನು ನೆನೆದು ಕನಿಕರವಾಯಿತು, ತನ್ನನ್ನು ನೆನೆದುಕೊಳ್ಳಲು ಧೈರ್ಯ ಬರಲಿಲ್ಲ. ನಿನ್ನೆ ಕಟ್ಟಿದ ಆ ಗಂಟಲು, ಅದೆಷ್ಟು ಸರಾಗವಾಗಿ ಕಟ್ಟಿತ್ತು.

ಜೈನಬ ಪಾವಿನ ತಟ್ಟೆ, ಚಹಾ ತಂದು ಮುಂದಿಟ್ಟಾಗ ಅವನು, "ಖರೆ ಏನಂದ್ರ, ಅದು ಅವರದ ಐತ್ರಿ. ಅವರ ಪಗಾರದಾಗಿಂದ ಹಿಡದ ಊಟಾ ಹಾಕೇವಿ," ಎಂದ. ಧ್ವನಿ ತನ್ನದಲ್ಲ ಅನ್ನಿಸಿತು. ಅವಳು ಸಮಾಧಾನವನ್ನೂ ಹೇಳಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ಹಾಗಿದ್ದರೆ ಅದನ್ನು ನೀವೇ ಅವರ ಮುಂದೆ ಹೇಳಬೇಕಾಗುತ್ತದೆ, ನಿನ್ನೆ ಹೇಳಿದ್ದೂ ನೀವೇ ಆದ್ದರಿಂದ, ಎಂದಳು. ಬೆಲೆ ಎಲ್ಲಿಗೆ ಇಳಿಯಬಹುದು ಎಂದು ಒಂದು ಚೀಟಿಯಲ್ಲಿ ಗೀಚಿ ಅವನ ಕಡೆ ತಿರುಗಿಸಿದಳು. ಅವನು ನೋಡಿದ. ನೋವಾಯಿತು, ಸಾಹುಕಾರಿಕೆಯ ರಕ್ತ ಅಷ್ಟು ಸುಲಭಕ್ಕೆ ತಣ್ಣಗಾಗುವುದಿಲ್ಲ. ಈ ಚೀಟಿಯಲ್ಲಿ ಅವಳದೂ ಒಂದು ಪಾಲು ಕಡಿಮೆಯಾಗಿದೆ, ಅದನ್ನು ಅವಳು ಬಾಯಿ ಬಿಟ್ಟು ಹೇಳುತ್ತಿಲ್ಲ ಎಂಬುದು ಪಾವನ್ನು ಚಹಾದಲ್ಲಿ ಅದ್ದುವಾಗ ಅವನಿಗೆ ಹೊಳೆಯಿತು.

ಮುಂಬೈಯವರು ಹೇಳಿದ ಹೊತ್ತಿಗೆ ಬಂದರು. ಮೊದಲು ಆ ಕರಾರು ಈ ಕರಾರು ಅಂತ ಮಾತು ಎಲ್ಲೆಲ್ಲೋ ಸುತ್ತಿತು. ಈರೇಶ ಮೇಜಿನ ಗಾಜಿನಲ್ಲಿ ಕಾಣುತ್ತಿದ್ದ ಫ್ಯಾನಿನ ನೆರಳನ್ನು ನೋಡುತ್ತಾ ಕೂತಿದ್ದ. ಅಡಿಗೆಮನೆಯ ಹೆಸರು ಬಂದಾಗ ಅವನು ತಲೆಯೆತ್ತಿದ. ನಿನ್ನೆ ಕೈಮುಗಿದವನು ಇವತ್ತು ಅದೇ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ. ತನಗೆ ಬರುವ ಹರಕುಮುರುಕು ಹಿಂದಿಯಲ್ಲಿ, ನಿನ್ನೆ ನಾನು ಹೇಳಿದ್ದು ತಪ್ಪು, ಅದು ನಮ್ಮ ಸೇವೆಯಲ್ಲ, ಊಟ ಇದೆ ಎಂದು ಹೇಳಿಯೇ ನಾವು ಪಗಾರ ಕಡಿಮೆ ಕೊಡುತ್ತಾ ಬಂದಿದ್ದೇವೆ, ಊಟ ತೆಗೆದರೆ ಅವರ ಪಗಾರ ತೆಗೆದ ಹಾಗೆ, ಎಂದ. ನೀಲಿ ಅಂಗಿಯವನು ಲ್ಯಾಪ್‌ಟಾಪಿನಲ್ಲಿ ಏನನ್ನೋ ಹಿಂದೆ ಮುಂದೆ ಮಾಡಿ, ಹೀಗಾದರೆ ಅಂಕಿ ಬಹಳ ಇಳಿಯುತ್ತದೆ, ಮತ್ತೊಮ್ಮೆ ಯೋಚಿಸಿ ಎಂದ. ಅವನ ದನಿಯಲ್ಲಿ ಪಾಪ, ಮುದುಕ ಗಲಿಬಿಲಿಗೊಂಡಿದ್ದಾನೆ ಎಂಬ ಕರುಣೆಯಿತ್ತು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಗ ಜೈನಬ ಬಾಯಿ ತೆರೆದಳು. ಈರೇಶನಿಗೆ ಅವಳ ಇಂಗ್ಲಿಷು ಪೂರ್ತಿ ತಿಳಿಯಲಿಲ್ಲ. ತಿಳಿದಷ್ಟು ಇದು: ಈ ಊಟ ನಿಂತರೆ ಮೂರು ತಿಂಗಳಲ್ಲಿ ಹಳೆಯ ಕೆಲಸದವರು ಬಾಜೂ ಕಾರ್ಖಾನೆಗೆ ಹೋಗುತ್ತಾರೆ, ಹೊಸಬರಿಗೆ ಕಲಿಸುವಷ್ಟರಲ್ಲಿ ಔಷಧ ಕಂಪನಿಗಳ ಆರ್ಡರು ಕೈತಪ್ಪುತ್ತದೆ, ಆದ್ದರಿಂದ ನನ್ನ ಕಕ್ಷಿದಾರರು ಇವತ್ತು ಹೇಳಿದ್ದು ನಿಮ್ಮ ಬಂಡವಾಳ ಉಳಿಸುವ ಮಾತು. ಹಿರಿಯರು ಗಲ್ಲ ತುರಿಸಿಕೊಂಡರು, ಆಮೇಲೆ ನಕ್ಕರು. ಬೆಲೆ ಇಳಿಯಿತು, ಆದರೆ ಚೀಟಿಯಲ್ಲಿ ಇದ್ದಷ್ಟು ಇಳಿಯಲಿಲ್ಲ. ಮಧ್ಯಾಹ್ನದ ಊಟ ಕೆಲಸದ ಷರತ್ತಿನ ಭಾಗ ಎಂಬ ಒಂದು ಕಲಮು ಕರಾರಿಗೆ ಸೇರಿತು.

ಅಲ್ಲಿಗೆ ಮುಗಿಯಬೇಕಿತ್ತು. ಹಿರಿಯರು ಒಳ್ಳೆಯ ಮನುಷ್ಯರು. ಎದ್ದು ನಿಂತು ಈರೇಶನ ಭುಜದ ಮೇಲೆ ಕೈಯಿಟ್ಟು, ಅಡಿಗೆಮನೆಗೆ ನಿಮ್ಮ ತಂದೆಯವರ ಹೆಸರು ಇಡೋಣ, ಕಲ್ಲಿನ ಫಲಕ ನಾವೇ ಹಾಕಿಸುತ್ತೇವೆ ಎಂದರು. ಈರೇಶನಿಗೆ ಆಸೆಯಾಯಿತು. ಬೆಳಗಿನಿಂದ ಒಳಗೆ ಕುಸಿದದ್ದೆಲ್ಲ ಆ ಒಂದು ಕಲ್ಲಿನ ಮೇಲೆ ಮತ್ತೆ ಎದ್ದು ನಿಲ್ಲಬಹುದಿತ್ತು. ಚನ್ನಬಸಯ್ಯ ದಾಸೋಹ ಭವನ. ಅಕ್ಷರಗಳು ಕಣ್ಣಿಗೆ ಕಟ್ಟಿದವು, ಬಂಗಾರದ ಬಣ್ಣದ ಅಕ್ಷರಗಳು. ಜೈನಬಳ ಕಡೆ ನೋಡಿದ. ಅವಳು ಕಾಗದ ಜೋಡಿಸುತ್ತಿದ್ದಳು, ತಲೆಯೆತ್ತಲಿಲ್ಲ. ಇದು ಲೆಕ್ಕದ ಮಾತಲ್ಲ, ಇದಕ್ಕೆ ಸಲಹೆ ಕೊಡುವುದು ತನ್ನ ಕೆಲಸವಲ್ಲ ಎಂಬಂತೆ. ಒಂದು ಹೆಸರು ಮೇಲೆ ಕೂತರೆ ಕೆಳಗಿನ ಅನ್ನ ಮತ್ತೆ ದಾನವಾಗುತ್ತದೆ. ದಾನವಾದ ಮೇಲೆ ಯಾವತ್ತೋ ಒಂದು ದಿನ, ಅಪ್ಪನ ಹೆಸರೇ ಕೇಳದ ಒಬ್ಬ ಮ್ಯಾನೇಜರ್ ಅದನ್ನು ನಿಲ್ಲಿಸಬಹುದು. ಇಷ್ಟು ಅವನಿಗೆ ತಾನಾಗಿ ತಿಳಿಯಿತು, ತಿಳಿದದ್ದಕ್ಕೆ ಅವನಿಗೇ ಅಚ್ಚರಿಯಾಯಿತು.

"ಬ್ಯಾಡ್ರಿ," ಎಂದ, ಹಿಂದಿ ಮರೆತು ಕನ್ನಡದಲ್ಲೇ. "ಹೆಸರು ಬ್ಯಾಡ. ಅವರ ಪಗಾರ ಚೀಟಿ ಮ್ಯಾಲೆ ಊಟಾ ಅಂತ ಬರೀರಿ, ಸಾಕು."

ಜೈನಬ ಅದನ್ನು ಇಂಗ್ಲಿಷಿಗೆ ತಂದು ಹೇಳಿದಳು.

ಅವರೆಲ್ಲ ಹೋದ ಮೇಲೆ ಅವನು ಮೆಟ್ಟಿಲ ಹತ್ತಿರ ನಿಂತು ಅವಳಿಗೆ ಏನಾದರೂ ಹೇಳಬೇಕೆಂದು ತಡವರಿಸಿದ. ಈ ಹೆಂಗಸು ತನ್ನನ್ನು ಬೀಳಿಸಲಿಲ್ಲ, ಬೀಳುವ ಜಾಗ ತೋರಿಸಿ ಹೊರಗೆ ಹೋಗಿ ನಿಂತಳು. ಒಬ್ಬನೇ ನಾಚಿಕೊಳ್ಳಲಿ ಎಂದು ಬಾಗಿಲನ್ನೂ ಎಳೆದುಕೊಂಡಳು. ಅಪ್ಪ ಕೊಟ್ಟ ಆಸ್ತಿಗಿಂತ, ಮಠದವರು ಹೊದಿಸಿದ ಶಾಲಿಗಿಂತ ಇವಳು ಕೊಟ್ಟ ಒಂದು ತಾಸು ದೊಡ್ಡದು ಎಂದು ಅವನಿಗೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ನಿಮ್ಮ ಋಣ ದೊಡ್ಡದು ಎಂದಷ್ಟೇ ಹೇಳಿದ. ಅವಳು ಮೊದಲ ಸಲ ನಕ್ಕಳು. ಋಣ ಗಿಣ ಏನೂ ಇಲ್ಲ, ಬಿಲ್ಲು ಕಳಿಸುತ್ತೇನೆ, ಈ ಸಲ ಅದನ್ನು ನಾಯಿಯ ಲೆಕ್ಕಕ್ಕೆ ಹಾಕಬೇಡಿ ಎಂದಳು. ಅವನೂ ನಕ್ಕ. ಓಣಿಗೆ ಇಳಿದ ಮೇಲೆ ಕಣ್ಣು ಒರೆಸಿಕೊಂಡ. ಈ ಸಲ ನೋಡುವವರು ಯಾರೂ ಇರಲಿಲ್ಲ.

ಕೊರ್ಲಿಮ್ಮಿಗೆ ಮುಟ್ಟಿದಾಗ ಊಟದ ಸಾಲು ಆಗಲೇ ಕೂತಿತ್ತು. ದಾರಿಯುದ್ದಕ್ಕೂ ಅವನು ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ, ಅಡಿಗೆಮನೆಯ ಹೊಗೆ ಮೂಗಿಗೆ ಬಡಿದ ಕೂಡಲೇ ಎಲ್ಲ ಮರೆತುಹೋಯಿತು. ಅಡಿಗೆಯ ಹುಲಿಗೆವ್ವ ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡು, ವಾಡಿಕೆಯಂತೆ ಅವನಿಗೆ ಕೈಮುಗಿದಳು. ಸಾಲಿನಲ್ಲಿದ್ದವರೂ ಮುಗಿದರು. ಎಷ್ಟೋ ವರ್ಷಗಳಿಂದ ಆ ಕೈಗಳನ್ನು ಅವನು ಊಟದ ಮುಂಚಿನ ಹಸಿವಿನಷ್ಟೇ ಸಹಜವಾಗಿ ಸ್ವೀಕರಿಸಿದ್ದ. ಇವತ್ತು ಅವು ಒಂದೊಂದಾಗಿ ಕಂಡವು: ರಟ್ಟಿನ ಅಂಚು ಕುಯ್ದ ಬೆರಳು, ಅಂಟು ಒಣಗಿದ ಉಗುರು, ಮಾನಪ್ಪನ ಸೊಟ್ಟ ಹೆಬ್ಬೆರಳು. ಇವರು ತಮ್ಮದೇ ಅನ್ನಕ್ಕೆ ಇಷ್ಟು ವರ್ಷ ತನಗೆ ಕೈ ಮುಗಿದಿದ್ದರು. ತಾನು ಇವರ ಉಪ್ಪು ತಿಂದು ಇವರಿಗೇ ಆಶೀರ್ವಾದ ಮಾಡಿದ್ದ. ಆದರೂ ಅವನಿಗೆ ಅಲ್ಲಿ ನಿಂತಾಗ ಹೇಸಿಗೆಗಿಂತ ಹೆಚ್ಚಾಗಿ ಬಂದದ್ದು ಒಂದು ಬಗೆಯ ಹಗುರಾದ ಕೃತಜ್ಞತೆ. ಒಲೆ ಉರಿಯುತ್ತಿತ್ತು. ಅದು ಉರಿಯುತ್ತಲೇ ಇರುತ್ತದೆ, ಅದಕ್ಕೆ ತಾನು ಬೇಕಾಗಿಲ್ಲ.

ಮುಂದಿನ ತಿಂಗಳಿನಿಂದ ಮಾಲೀಕರು ಬೇರೆಯವರು, ಕೆಲಸ ಹಾಗೆಯೇ ಇರುತ್ತದೆ, ಊಟವೂ ಇರುತ್ತದೆ, ಅದು ನಿಮ್ಮ ಪಗಾರದ್ದೇ ಆದ್ದರಿಂದ ಯಾರೂ ನಿಲ್ಲಿಸುವ ಹಾಗಿಲ್ಲ, ಎಂದು ಅವನು ನಿಂತಲ್ಲೇ ಹೇಳಿದ. ಮೊದಲಿಂದಲೂ ಅದು ನಿಮ್ಮದೇ ಆಗಿತ್ತು ಎಂದೂ ಹೇಳಿದ. ಆ ಭಾಗದಲ್ಲಿ ಧ್ವನಿ ತಗ್ಗಿತು, ಹಿಂದಿನವರಿಗೆ ಕೇಳಿಸಿತೋ ಇಲ್ಲವೋ. ಸಾಲಿನಲ್ಲಿ ಗುಜುಗುಜು ಎದ್ದು ಅಡಗಿತು. ಹುಲಿಗೆವ್ವ ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು.

"ಹಂಗಂದ್ರ ಇನ್ನ ಮ್ಯಾಲೆ ನಾವು ಯಾರಿಗೆ ಕೈ ಮುಗೀಬೇಕ್ರಿ?"

"ಯಾರಿಗೂ ಬ್ಯಾಡವ್ವ. ಉಣ್ರಿ."

ಉಣ್ಣಿ ಎಂದರೂ ಅವರು ರೊಟ್ಟಿ ಮುರಿಯಲಿಲ್ಲ. ಅವನು ಹೋಗುತ್ತಾನೆಂದು ಕಾಯುತ್ತಿದ್ದರು, ಅವನೋ ಹೋಗಲಿಲ್ಲ. ಬೆಳಗಿನಿಂದ ಹೊಟ್ಟೆಯಲ್ಲಿದ್ದದ್ದು ಒಂದು ಪಾವು. ಅವ್ವನ ನೇಮ ನೆನಪಾಯಿತು. ಕೊಟ್ಟ ಮನೆಯವರಿಗೆ ಇದ್ದ ನೇಮ ಅದು, ಅದು ತನಗೆ ಇನ್ನು ಎಲ್ಲಿಯದು. ಈ ಜಾಗದಲ್ಲಿ ಅವನು ಯಾವತ್ತೂ ಏನನ್ನೂ ಕೇಳಿರಲಿಲ್ಲ. ಹೇಗೆ ಕೇಳಬೇಕೆಂದೇ ತಿಳಿಯದೆ, "ಹುಲಿಗೆವ್ವ, ನನಗೂ ಹಸದೈತಿ. ನನಗ ಒಂದು ರೊಟ್ಟಿ ಸಿಗತೈತೇನು?" ಎಂದ.

ಅವಳು ಸಾಲಿನ ಕಡೆ ತಿರುಗಿ ಒಬ್ಬೊಬ್ಬರ ಮುಖ ನೋಡಿದಳು, ಮನೆಯವರ ಮಾತು ಕೇಳದೆ ಪರರಿಗೆ ಬಡಿಸಬಾರದು ಅನ್ನುವ ಹಾಗೆ. ಸಾಲಿನ ತುದಿಯಲ್ಲಿದ್ದ ಮಾನಪ್ಪ ತನ್ನ ತಾಟನ್ನು ಎತ್ತಿಕೊಂಡು ಸ್ವಲ್ಪ ಆಚೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.